ಟೇಪಣ್ಣನ ಮೂವತ್ತೇಳು ಫೋಟೋಗಳು

"ಇನ್ನು ಹದಿನೈದೇ ದಿನ! ಹದಿನೈದು ದಿನದೊಳಗೆ ಅವಳು ತಾನಾಗಿ ಗಂಟುಮೂಟೆ ಕಟ್ಕೊಂಡು ಓಡಿ ಬರ್ಲಿಲ್ಲ ಅಂದ್ರೆ ನಾನು ಕತ್ತರಿ ಹಿಡಿಯೋದನ್ನೇ ಬಿಟ್ಬಿಡ್ತೀನಿ!"

ಟೇಪಣ್ಣ ಈ ಘನಘೋರ ಪ್ರತಿಜ್ಞೆ ಮಾಡಿದ್ದು ತನ್ನ ಹೊಲಿಗೆ ಅಂಗಡಿಯ ನಿಲುವುಗನ್ನಡಿಯ ಮುಂದೆ. ಸಾಕ್ಷಿಗೆ ಇದ್ದದ್ದು ಅರ್ಧ ಹೊಲಿದ ಕೋಟು ತೊಟ್ಟ, ತಲೆಯಿಲ್ಲದ ಒಂದು ಬೊಂಬೆ. ಬೊಂಬೆ ಆಕ್ಷೇಪ ಎತ್ತಲಿಲ್ಲ. ಆದ್ದರಿಂದ ಪ್ರತಿಜ್ಞೆ ಸರ್ವಾನುಮತದಿಂದ ಅಂಗೀಕಾರವಾಯಿತೆಂದು ಟೇಪಣ್ಣ ತಿಳಿದುಕೊಂಡ.

ಟೇಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅಳತೆಯ ಟೇಪು ಅವನ ಕೊರಳು ಬಿಟ್ಟು ಇಳಿದದ್ದನ್ನು ಕಂಡವರಿಲ್ಲ. ಊಟಕ್ಕೂ ಟೇಪು, ನಿದ್ದೆಗೂ ಟೇಪು. ಮುಂದೆ ಅಂಗಡಿ, ಹಿಂದೆ ಮನೆ. ಮುಂದೆ ಅವನು ಬಟ್ಟೆ ಕತ್ತರಿಸಿ ಹೊಲಿದರೆ, ಹಿಂದಿನ ಕೋಣೆಯ ಕಿಟಕಿಯ ಪಕ್ಕ ಕುಳಿತು ಕಾಜಾ ತೆಗೆಯುವವಳು, ಗುಂಡಿ ಹಾಕುವವಳು, ಅಂಚು ಮಡಚುವವಳು ಹೆಂಡತಿ. ಇಪ್ಪತ್ತೊಂಬತ್ತು ವರ್ಷ ಈ ವ್ಯವಸ್ಥೆ ಒಂದು ಹೊಲಿಗೆಯೂ ಬಿಚ್ಚದೆ ನಡೆದಿತ್ತು.

ಏಳು ವಾರದ ಹಿಂದೆ ಹೆಂಡತಿಯ ಅಕ್ಕ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡರು. ಅವರದು ಬಸ್ಸಿನಲ್ಲಿ ಆರು ತಾಸಿನ ದಾರಿಯ ಊರು. ನೋಡಿಕೊಳ್ಳಲು ತಂಗಿಯೇ ಹೋಗಬೇಕಾಯಿತು.

"ಒಂದು ತಿಂಗಳು ಅಷ್ಟೇ ರೀ. ನೀವೊಬ್ಬರೇ ಹೇಗಿರ್ತೀರೋ ಏನೋ" ಎಂದು ಬಸ್ಸಿನ ಕಿಟಕಿಯಿಂದ ಅವಳು ಅಂದಾಗ, ಟೇಪಣ್ಣ ಎದೆ ಉಬ್ಬಿಸಿ ನಿಂತಿದ್ದ. ಎದೆಯ ಅಳತೆ ಮೂವತ್ತಾರೇ ಆದರೂ ಆ ಹೊತ್ತಿಗೆ ನಲವತ್ತರ ಗತ್ತು.

"ನಂಗೇನಾಗುತ್ತೆ? ನೀನಿಲ್ದಿದ್ರೂ ಎಲ್ಲಾ ನಡೆಯುತ್ತೆ. ಧೈರ್ಯವಾಗಿ ಹೋಗು. ಎಷ್ಟು ದಿನ ಬೇಕಾದ್ರೂ ಇರು!"

ಈ ಕೊನೆಯ ಮಾತೇ ಈಗ ಬಿಸಿ ತುಪ್ಪವಾಗಿ ಅವನ ಗಂಟಲಲ್ಲಿ ಕುಳಿತಿತ್ತು. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಏಕೆಂದರೆ ಏನೂ ನಡೆಯುತ್ತಿರಲಿಲ್ಲ! ಅವನೇ ತೆಗೆದ ಕಾಜಾಗಳು ಇಲಿ ಕಡಿದ ತೂತುಗಳ ಹಾಗೆ ಕಾಣುತ್ತಿದ್ದವು. ಹಾಲು ದಿನವೂ ಉಕ್ಕುತ್ತಿತ್ತು. ಮೊದಲೆಲ್ಲ "ಊಟಕ್ಕೆ ಬನ್ನಿ" ಎಂದು ಅವಳು ಮೂರು ಸಲ ಕೂಗಿದರೆ ನಾಲ್ಕನೆಯ ಕೂಗಿಗೆ ಏಳುವುದು ಅವನ ಪದ್ಧತಿ. ಈಗ ಒಂದು ಕೂಗೂ ಇಲ್ಲದೆ, ತಾನೇ ಮಾಡಿದ ಅಡುಗೆಯ ಮುಂದೆ ತಾನೇ ಹೋಗಿ ಕೂರುವುದು ಎಂಥ ಅವಮಾನ! ಸಂಜೆ ಐದಾದರೆ ಕಾಲು ತಾನಾಗಿ ಬಸ್ ನಿಲ್ದಾಣದ ಕಡೆ ನಡೆಯುತ್ತಿತ್ತು. ಯಾವುದೋ ಬಸ್ಸಿನಿಂದ ಯಾರು ಯಾರೋ ಇಳಿಯುತ್ತಿದ್ದರು. ಎಲ್ಲರೂ ಇಳಿದಾದ ಮೇಲೆ ಟೇಪಣ್ಣ ಮನೆಗೆ ಬರುತ್ತಿದ್ದ. ಯಾರಾದರೂ ಕೇಳಿದರೆ, "ವಾಯುವಿಹಾರ" ಎನ್ನುತ್ತಿದ್ದ. ಹೆಂಡತಿ ಇಲ್ಲದೆ ಅವನಿಗೆ ಜೀವ ಹಿಂಡಿದಂತಾಗುತ್ತಿತ್ತು. ನಿಜ ಸಂಗತಿ ಇಷ್ಟೇ.

ಹಾಗಾದರೆ "ಬಾ" ಎಂದು ಒಂದು ಮಾತು ಹೇಳಬಾರದೆ? ಹೇಳಬಹುದು. ಆದರೆ ಮೀಸೆ ಅಂತ ಒಂದಿದೆಯಲ್ಲ! ದಿನವೂ ರಾತ್ರಿ ಊಟಕ್ಕೆ ಮುಂಚೆ ಫೋನು. "ಹೇಗಿದ್ದೀರಿ?" "ಫಸ್ಟ್ ಕ್ಲಾಸ್!" ಒಂದು ಸಲ ಅವಳು, "ವೀಡಿಯೋ ಕಾಲ್ ಮಾಡ್ಲಾ?" ಎಂದಾಗ ಟೇಪಣ್ಣ ಬೆಚ್ಚಿಬಿದ್ದ. ವಾರದ ಗಡ್ಡ, ಒಳಗೆ ಹೋದ ಕೆನ್ನೆ, ಎಲ್ಲವೂ ಬಯಲಾಗುತ್ತದೆ! "ನನ್ನ ಫೋನಲ್ಲಿ ಮುಖ ಕಾಣಿಸೋ ಕಡೆ ಕ್ಯಾಮೆರಾ ಕೆಟ್ಟಿದೆ ಕಣೇ" ಎಂದು ಒಂದು ಸುಳ್ಳು ಬಿಟ್ಟ.

ಆ ಸುಳ್ಳಿನಿಂದಲೇ ಹುಟ್ಟಿದ್ದು ಈ ಮಹಾ ಯೋಜನೆ. ಮುಖದ ಕಡೆಯ ಕ್ಯಾಮೆರಾ ಕೆಟ್ಟಿದ್ದರೆ ಏನಂತೆ, ಹಿಂದಿನದು ಇದೆಯಲ್ಲ! ಮನೆಯ ಫೋಟೋ ತೆಗೆದು ಕಳಿಸುವುದು. ಒಂದೊಂದು ಫೋಟೋ ನೋಡಿದಾಗಲೂ ಅವಳಿಗೆ ಕರುಳು ಚುರ್ ಅನ್ನಬೇಕು. ಅಯ್ಯೋ ನನ್ನ ಮನೆ, ಅಯ್ಯೋ ನನ್ನ ಕಿಟಕಿ ಎಂದು ಅವಳೇ ಓಡಿ ಬರಬೇಕು. ತಾನು ಕರೆಯಲೂ ಇಲ್ಲ, ಅವಳು ಬಾರದೆ ಇರಲೂ ಇಲ್ಲ!

ಮೊದಲ ಮೂರು ಫೋಟೋಗಳು ಹೋದವು. ಉತ್ತರಗಳೂ ಬಂದವು.

ಹಿಂದಿನ ಕೋಣೆ: "ಇದ್ಯಾವ ಗುಹೆ ರೀ?"

ಅಡುಗೆಮನೆ: "ಹೊಗೆ ತುಂಬ್ಕೊಂಡಿದ್ಯಾ? ಮೊದ್ಲು ಒಲೆ ಆರ್ಸಿ!"

ಹೂಕುಂಡ: "ಯಾರ ತಲೆ ಇದು?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೇಪಣ್ಣನೂ ಒಂದು ದಿನವಿಡೀ ಫೋನನ್ನು ಬೈದ. ಮರುದಿನ ಸೀದಾ ಮೂರು ಅಂಗಡಿ ಆಚೆಗಿನ ಫೋಟೋ ಸ್ಟುಡಿಯೋಗೆ ಹೋಗಿ, ಸ್ಟುಡಿಯೋ ಯಜಮಾನರ ಮುಂದೆ ಕೈಕಟ್ಟಿ ನಿಂತ.

ಯಜಮಾನರು ಎಪ್ಪತ್ತು ದಾಟಿದವರು. ನಲವತ್ತು ವರ್ಷದಿಂದ ಇಡೀ ಬೀದಿಗೆ "ನಗಬೇಡಿ, ಅಲ್ಲಾಡಬೇಡಿ" ಎಂದು ಹೇಳಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದೂ ತೆಗೆದೂ ಬೇಸತ್ತಿದ್ದರು. ಕಲೆಯ ಬಗ್ಗೆ ಕೇಳುವ ಶಿಷ್ಯನೊಬ್ಬ ಸಿಕ್ಕಿದ್ದೇ ಅವರಿಗೆ ಹಬ್ಬವಾಯಿತು.

"ಈ ಫೋಟೋದಲ್ಲಿ ಏನಿದೆ ಹೇಳು."

"ಅಡುಗೆಮನೆ, ಗುರುಗಳೇ."

"ಅಡುಗೆಮನೇಲಿ ಏನೇನು ಕಾಣ್ತಿದೆ?"

"ಎಲ್ಲಾ ಇದೆ!"

"ಅದೇ ಕಣಯ್ಯಾ ರೋಗ! ಎಲ್ಲಾ ಇದ್ರೆ ಏನೂ ಇಲ್ಲ ಅಂತ ಅರ್ಥ. ಒಂದು ಫೋಟೋ, ಒಂದು ಮಾತು. ಉಳಿದದ್ದೆಲ್ಲ ಎತ್ತಿ ಆಚೆ ಹಾಕು. ಆಮೇಲೆ ಈ ಚೌಕಾನ ಉದ್ದಕ್ಕೆ ಮೂರು ಭಾಗ, ಅಡ್ಡಕ್ಕೆ ಮೂರು ಭಾಗ ಮಾಡು. ಗೆರೆಗೆ ಗೆರೆ ಸೇರೋ ಜಾಗ ನಾಲ್ಕಿರುತ್ತೆ. ನೀನು ತೋರಿಸ್ಬೇಕಾದ್ದು ಅಲ್ಲಿರ್ಲಿ. ನಟ್ಟ ನಡುವೆ ತಂದು ಗೂಟ ಹೊಡಿಬೇಡ."

"ಮತ್ತೆ ಕತ್ತಲೆ?"

"ಕಿಟಕಿಗೆ ಎದುರಾಗಿ ನಿಂತು ತೆಗೆದಿದ್ದೀಯ. ಮುಖಕ್ಕೆ ಯಾರಾದ್ರೂ ಟಾರ್ಚ್ ಬಿಟ್ರೆ ಎದುರಿಗಿರೋನು ನಿಂಗೆ ಕಾಣ್ತಾನಾ? ಕ್ಯಾಮೆರಾ ಪಾಡೂ ಅದೇ. ಬೆಳಕು ಪಕ್ಕದಿಂದ ಬರ್ಲಿ. ಎಲ್ಲಿ ಮುಖ್ಯವೋ ಅಲ್ಲಿ ಬೆರಳಲ್ಲಿ ಒತ್ತು, ಆಗ ಒಂದು ಸೂರ್ಯನ ಗುರುತು ಬರುತ್ತೆ, ಅದನ್ನ ಮೇಲೆ ಕೆಳಗೆ ಎಳಿ. ಬಿಳೀದು ಸುಟ್ಟು ಹೋಗ್ಬಾರ್ದು, ಕಪ್ಪುದು ಮುಳುಗಿ ಹೋಗ್ಬಾರ್ದು."

"ಗೊತ್ತಾಯ್ತು ಬಿಡಿ. ಬಿಗೀನೂ ಆಗ್ಬಾರ್ದು, ಸಡಿಲಾನೂ ಆಗ್ಬಾರ್ದು."

"ಶಭಾಷ್! ಅದು ಸರಿ, ಮೂಲೇಲಿ ಇದೇನು ಆಲೂಗಡ್ಡೆ?"

ಟೇಪಣ್ಣ ಬಗ್ಗಿ ನೋಡಿ ನಾಚಿದ. "ಅದು... ನನ್ನ ಹೆಬ್ಬೆರಳು, ಗುರುಗಳೇ."

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಮಾತ್ರ ಮಹಾಪರಾಧ! ತೆಗೆಯೋನು ಫೋಟೋದಲ್ಲಿ ಕಾಣಿಸ್ಕೋಬಾರ್ದು. ಬೆರಳು, ನೆರಳು, ಗಾಜಿನಲ್ಲಿ ಬಿಂಬ, ಏನೂ ಇರ್ಬಾರ್ದು. ನೀನು ಅಲ್ಲಿ ಇದ್ದೆ ಅನ್ನೋದೇ ನೋಡೋರಿಗೆ ಮರೆತುಹೋಗ್ಬೇಕು."

ಟೇಪಣ್ಣ ಮನೆಗೆ ಬಂದವನೇ ಫೋನಿನ ಪರದೆಗೆ ಟೇಪು ಹಿಡಿದ. ಮೂರು ಭಾಗ ಅಂದರೆ ಮೂರೇ ಭಾಗ; ನೂಲಿನೆಳೆಯಷ್ಟು ಹೆಚ್ಚುಕಡಿಮೆ ಆದರೂ ಅವನ ಕಸುಬಿಗೆ ಅವಮಾನ. ಸೀಮೆಸುಣ್ಣದಿಂದ ಗುರುತು ಹಾಕಿ, ಕಪ್ಪು ದಾರದ ನಾಲ್ಕು ಎಳೆ ಕತ್ತರಿಸಿ, ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಅಂಟು ಹಾಕಿ ಬಿಗಿಯಾಗಿ ಕೂರಿಸಿಬಿಟ್ಟ! ಮರುದಿನ ಹೆಮ್ಮೆಯಿಂದ ಗುರುಗಳಿಗೆ ತೋರಿಸಿದ.

"ಇದೇನಯ್ಯಾ, ಫೋನಿಗೆ ಸೊಳ್ಳೆಪರದೆ ಕಟ್ಟಿದ್ದೀಯ? ಆ ಗೆರೆ ಫೋನೊಳಗೇ ಇದೆ! ಒಂದು ಸಲ ಒತ್ತಿದ್ರೆ ಬರುತ್ತೆ!"

"ಮೊದ್ಲೇ ಹೇಳ್ಬಾರ್ದಿತ್ತಾ ಗುರುಗಳೇ?"

"ನೀನು ದಾರ ಅಂಟಿಸ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ?"

ಅಂಟು ಅಸಲಿ ಕಂಪನಿಯದಾಗಿತ್ತು. ದಾರ ಕೊನೆಗೂ ಬರಲಿಲ್ಲ. ಅಂದಿನಿಂದ ಟೇಪಣ್ಣ ಲೋಕವನ್ನೆಲ್ಲ ಒಂಬತ್ತು ತುಂಡು ಮಾಡಿಯೇ ನೋಡಿದ.

ಮೊದಲ ಮಹಾಕೃತಿಗೆ ವಸ್ತು, ಹಿಂದಿನ ಕೋಣೆಯಲ್ಲಿ ಅವಳು ಕೂರುವ ಗಿಡ್ಡ ಕುರ್ಚಿ. ಕುರ್ಚಿಯ ಸುತ್ತ ಅವಳ ದಾರದ ಬುಟ್ಟಿ, ಹನ್ನೊಂದು ಗುಂಡಿ ಡಬ್ಬಿಗಳು, ಕಾಲಿಡುವ ಮಣೆ, ಮಂಡಿನೋವಿನ ಎಣ್ಣೆಯ ಸೀಸೆ, ಹಳೇ ಸ್ವೆಟರು, ದಿಂಬು, ಓದಿ ಅರ್ಧಕ್ಕೆ ಮಡಚಿಟ್ಟ ಪತ್ರಿಕೆ. ಒಂದು ಫೋಟೋ, ಒಂದು ಮಾತು! ಎಲ್ಲವನ್ನೂ ಎತ್ತಿಕೊಂಡು ಹೋಗಿ ಮಲಗುವ ಕೋಣೆಯಲ್ಲಿ ರಾಶಿ ಹಾಕಿ ಬಾಗಿಲು ಎಳೆದ. ಸಂಜೆಯ ಇಳಿಬಿಸಿಲು ಪಕ್ಕದಿಂದ ಬಂದು ಖಾಲಿ ಕುರ್ಚಿಯ ಮೇಲೆ ಬಿತ್ತು. ಹೆಬ್ಬೆರಳನ್ನು ಬೆನ್ನ ಹಿಂದೆ ಕಟ್ಟಿಕೊಂಡವನ ಹಾಗೆ ಜಾಗ್ರತೆ ವಹಿಸಿ ಟೇಪಣ್ಣ ಒತ್ತಿದ.

ಫೋಟೋವನ್ನು ಅವನೇ ಮೂರು ಸಲ ನೋಡಿದ. ಅವಳು ಈಗಷ್ಟೇ ಎದ್ದು ಹೋದ ಹಾಗಿತ್ತು. ಕರೆದರೆ ಬರುವ ಹಾಗಿತ್ತು. "ನಿನ್ನ ಕುರ್ಚಿ" ಎಂದು ಎರಡೇ ಪದ ಬರೆದು ಕಳಿಸಿದ. ಇಷ್ಟು ಸಾಕು, ನಾಳೆ ಬೆಳಗಿನ ಬಸ್ಸಿಗೆ ಬಂದೇ ಬರುತ್ತಾಳೆ ಎಂದು ಲೆಕ್ಕ ಹಾಕಿ ಗಡ್ಡವನ್ನೂ ಬೋಳಿಸಿಕೊಂಡ.

ರಾತ್ರಿ ಫೋನು ಬಂತು.

"ಎಷ್ಟು ಚೊಕ್ಕವಾಗಿಟ್ಟಿದ್ದೀರಿ ರೀ! ನಮ್ಮ ಮನೇನಾ ಇದು?"

"ಮತ್ತೆ? ನಾನಂದ್ರೆ ಏನಂದ್ಕೊಂಡೆ!"

ಅವಳ ದನಿ ತುಸು ಇಳಿಯಿತು, "ಅಲ್ಲಾ, ಅಲ್ಲಿ ಅಷ್ಟು ಚೆನ್ನಾಗಿ ನಡೀತಿದೆ ಅಂದ್ಮೇಲೆ... ಅಕ್ಕಂಗೆ ಈಗಷ್ಟೇ ಪ್ಲಾಸ್ಟರ್ ಬಿಚ್ಚಿದ್ದಾರೆ. ಇನ್ನೊಂದು ತಿಂಗ್ಳು ಇದ್ದು ಬರ್ಲಾ?"

ಟೇಪಣ್ಣನ ಮನಸ್ಸು "ಬೇಡ" ಎಂದು ಕೂಗಿತು. ನಾಲಿಗೆ ಮಾತ್ರ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ತನ್ನ ದಾರಿಯನ್ನೇ ಹಿಡಿಯಿತು: "ಓಹೋ, ಧಾರಾಳವಾಗಿ! ಇಲ್ಲೇನು ಕಮ್ಮಿಯಾಗಿದೆ?"

ಫೋನು ಇಟ್ಟ ಮೇಲೆ ಅದೇ ಫೋನಿನಿಂದ ಹಣೆ ಚಚ್ಚಿಕೊಂಡ.

ಬುದ್ಧಿವಂತರಾದರೆ ಇಲ್ಲಿಗೆ ನಿಲ್ಲಿಸುತ್ತಿದ್ದರು. ಟೇಪಣ್ಣ ಯೋಚಿಸಿದ್ದೇ ಬೇರೆ. ಅವಳ ಕರುಳು ಕರಗಲಿಲ್ಲ ಅಂದರೆ ಫೋಟೋದಲ್ಲಿ ಏನೋ ಕೊರತೆ ಇರಬೇಕು! ಬಟ್ಟೆ ಮೈಗೆ ಕೂರದಿದ್ದರೆ ಗಿರಾಕಿಯನ್ನು ಬೈಯುತ್ತಾರೆಯೇ? ಇನ್ನೂ ಚೆನ್ನಾಗಿ ತೆಗೆಯಬೇಕು.

ತೆಗೆದ. ಅಡುಗೆಮನೆಯ ಕಿಟಕಿಯಲ್ಲಿ ಒಂದೇ ಒಂದು ಲೋಟ. ಗೋಡೆಯ ಮೇಲೆ ಅವಳ ಕೊಡೆ, ಪಕ್ಕದಲ್ಲಿ ಅದರ ನೆರಳು. ಬಾಗಿಲ ಬಳಿ ಅವಳ ಚಪ್ಪಲಿಯ ಜೋಡಿ. ಹೂಕುಂಡದಲ್ಲಿ ಹೊಸ ಚಿಗುರು, ಹಿಂದೆ ಮಬ್ಬು. ಸ್ಟೀಲಿನ ಪಾತ್ರೆಯಲ್ಲಿ ತನ್ನ ಮೂತಿ ಕಾಣುತ್ತದೆಂದು ಪಾತ್ರೆಗೇ ಪೌಡರ್ ಹಚ್ಚಿದ! ಸ್ಟುಡಿಯೋ ಯಜಮಾನರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, "ಅದ್ಭುತ! ನೀನು ಎಲ್ಲೂ ಇಲ್ಲ!" ಎಂದು ಬೆನ್ನು ತಟ್ಟಿದರು. ಫೋಟೋಗಳು ಬೆಳಗಿದ ಹಾಗೆಲ್ಲ ಹೆಂಡತಿಯ ಉತ್ತರಗಳು ಚಿಕ್ಕವಾದವು. "ಚೆನ್ನಾಗಿದೆ." "ಹೂಂ, ಚೆನ್ನಾಗಿದೆ." ಆಮೇಲಾಮೇಲೆ ಒಂದು ಹೆಬ್ಬೆರಳಿನ ಗುರುತು, ಅಷ್ಟೇ.

ಇತ್ತ ಮನೆಯ ಗತಿ? ಚೌಕಟ್ಟಿನೊಳಗೆ ಬಂದ ತುಂಡುಗಳು ಅರಮನೆ. ಚೌಕಟ್ಟಿನ ಆಚೆಗಿನದೆಲ್ಲ ಮಲಗುವ ಕೋಣೆಗೆ! ಮಂಚದ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಬಾಣಲೆ, ಬಾಣಲೆಯಲ್ಲಿ ಸ್ವೆಟರು. ರಾಶಿ ಸೂರು ಮುಟ್ಟಿದ ಮೇಲೆ ಟೇಪಣ್ಣ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಮಲಗತೊಡಗಿದ. ಮೇಜಿನ ಉದ್ದ ಐದು ಅಡಿ, ಅವನ ಉದ್ದ ಐದೂವರೆ. ಉಳಿದ ಅರ್ಧ ಅಡಿ ಗಾಳಿಯಲ್ಲಿ ನೇತಾಡುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇದಕ್ಕೇ ಇರಬೇಕು.

ಹೀಗೆ ಮೂವತ್ತಾರು ಫೋಟೋ ಆದವು. ಪ್ರತಿಜ್ಞೆಯ ಹದಿನೈದು ದಿನ ಎಂದೋ ಮುಗಿದು, ತಿಂಗಳು ಹತ್ತಿರ ಬಂತು. ಕತ್ತರಿ ಬಿಡುವ ಮಾತನ್ನು ಟೇಪಣ್ಣನೂ ಎತ್ತಲಿಲ್ಲ, ಬೊಂಬೆಯೂ ಎತ್ತಲಿಲ್ಲ. ಅವನಿಗೆ ಒಂದು ಭಯ ಹುಟ್ಟಿತ್ತು. ಅವಳಿಗೆ ಅಲ್ಲೇ ಒಗ್ಗಿಹೋಗಿದ್ದರೆ? ಅಕ್ಕತಂಗಿಯರು ಹಳೇ ಕಥೆ ಹೇಳಿಕೊಂಡು ನಗುತ್ತ, ಈ ಮನೆಯೇ ಮರೆತುಹೋಗಿದ್ದರೆ? ಕೊನೆಯದಾಗಿ ಒಂದು ಫೋಟೋ, ಬ್ರಹ್ಮಾಸ್ತ್ರದಂಥದ್ದು, ಬಿಟ್ಟೇಬಿಡಬೇಕು ಎಂದು ತೀರ್ಮಾನಿಸಿದ.

ವಸ್ತು: ಬೆಳಗಿನ ಚಹಾ. ಅಡುಗೆಮನೆಯ ಮೇಜಿನ ಮೇಲೆ ಎರಡು ಕಪ್ಪು, ಎರಡರಲ್ಲೂ ಹಬೆ. ಅವಳ ಕುರ್ಚಿ ತುಸು ಹಿಂದಕ್ಕೆ ಎಳೆದಿರಬೇಕು, ಬಾ ಕೂತ್ಕೋ ಅನ್ನುವ ಹಾಗೆ. ಬೆಳಿಗ್ಗೆ ಎಂಟೂವರೆಗೆ ಕಿಟಕಿಯ ಬಿಸಿಲು ಆ ಮೇಜಿನ ಮೇಲೆ ಹನ್ನೊಂದು ನಿಮಿಷ ಇರುತ್ತದೆ. ಮೂರು ದಿನ ಟೇಪು ಹಿಡಿದು ಅಳೆದಿದ್ದ! ಒಂದೇ ತೊಡಕು: ಕಪ್ಪುಗಳ ಈಚೆಯ ಮೈ ಕತ್ತಲು. "ಅಲ್ಲಿಗೆ ಒಂದು ಬಿಳಿ ಬಟ್ಟೆ ಅಡ್ಡ ಹಿಡಿದ್ರೆ ಬೆಳಕು ಚಿಮ್ಮಿ ವಾಪಸ್ ಬೀಳುತ್ತೆ" ಎಂದು ಗುರುಗಳು ಹೇಳಿದ್ದರು.

ಬಿಳಿ ಬಟ್ಟೆಗೆ ದರ್ಜಿಯ ಮನೆಯಲ್ಲಿ ಬರವೇ? ಬ್ಯಾಂಡ್ ಮೇಷ್ಟ್ರು ಭಾನುವಾರದ ಮೆರವಣಿಗೆಯ ಸೂಟಿಗೆಂದು ಕೊಟ್ಟಿದ್ದ ಮೂರೂವರೆ ಮೀಟರ್ ಬಟ್ಟೆ ಇತ್ತು, ಹಾಲಿಗೂ ಹೊಟ್ಟೆಕಿಚ್ಚು ಬರುವಂಥ ಬಿಳುಪು. ಬಟ್ಟೆ ಹಿಡಿಯಲು ಎರಡೂ ಕೈ ಬೇಕು, ಹಾಗಾದರೆ ಫೋನು ಒತ್ತುವವರು ಯಾರು? ಅದಕ್ಕೂ ಉಪಾಯವಿತ್ತು. ಫೋನನ್ನು ದಾರದ ಉಂಡೆಗಳಿಗೆ ಆನಿಸಿ ನಿಲ್ಲಿಸಿ, ಹತ್ತು ಎಣಿಸಿದ ಮೇಲೆ ತಾನಾಗಿ ಒಂದರ ಹಿಂದೆ ಒಂದು ಹತ್ತು ಫೋಟೋ ತೆಗೆಯುವ ಹಾಗೆ ಮಾಡಿದ. ಬಟ್ಟೆಯನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಎರಡೂ ತೋಳು ಚಾಚಿ, ಮಲಗುವ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ ಸ್ಟೂಲು ಹತ್ತಿ ನಿಂತ. ಚೌಕಟ್ಟಿನಿಂದ ಸರಿಯಾಗಿ ಒಂದು ಗೇಣು ಆಚೆ.

ಬೆಳಕು ಚಿಮ್ಮಿತು! ಕಪ್ಪುಗಳು ಹೊಳೆದವು. ಹಬೆ ಏಳುತ್ತಿತ್ತು. ಇಷ್ಟು ಚಂದದ ಫೋಟೋ ಬೇರೆ ಯಾರೂ ಯಾವ ಹೆಂಡತಿಗೂ ಕಳಿಸಿರಲಾರರು ಎಂದುಕೊಳ್ಳುತ್ತ ಟೇಪಣ್ಣ ಕೂದಲೆಳೆಯಷ್ಟು ಮುಂದಕ್ಕೆ ಬಾಗಿದ. ಕೊರಳಿನ ಟೇಪು ಬೆನ್ನ ಹಿಂದಿನ ಬಾಗಿಲ ಹಿಡಿಗೆ ಯಾವಾಗಲೋ ಸಿಕ್ಕಿಕೊಂಡಿತ್ತು. ಅದು ಜಗ್ಗಿತು. ಇವನು ಮರಳಿ ಜಗ್ಗಿದ. ಬಾಗಿಲು ತೆರೆಯಿತು.

ಮುಂದಿನದು ಎರಡೇ ಕ್ಷಣ. ಸ್ಟೂಲು ಒಂದು ಕಡೆ, ಟೇಪಣ್ಣ ಒಂದು ಕಡೆ. ಇಪ್ಪತ್ತೇಳು ದಿನ ತನ್ನಿಂದ ದೂರವಿಟ್ಟಿದ್ದ ಚೌಕಟ್ಟಿನೊಳಗೆ ಅವನು ಅಂಗಾತ ಬಂದು ಬಿದ್ದ! ಹಿಂದಿನಿಂದ ಮಲಗುವ ಕೋಣೆಯ ರಾಶಿ ಕುಸಿಯಿತು. ಬಾಣಲೆ ಬಂತು, ಬುಟ್ಟಿ ಬಂತು, ಹನ್ನೊಂದು ಡಬ್ಬಿಗಳ ಗುಂಡಿಗಳೆಲ್ಲ ಮನೆ ತುಂಬ ಉರುಳಿದವು. ಎರಡೂ ಕಪ್ಪು ಚಹಾ ಬ್ಯಾಂಡ್ ಮೇಷ್ಟ್ರ ಬಟ್ಟೆಯ ಮೇಲೆ ಅಭಿಷೇಕವಾಯಿತು. ಫೋನು ಮಾತ್ರ ಯಾರ ಪಕ್ಷವನ್ನೂ ವಹಿಸದೆ ಖಚಕ್, ಖಚಕ್ ಎಂದು ಹತ್ತು ಸಲ ಕರ್ತವ್ಯ ನಿರ್ವಹಿಸಿತು.

ಕನ್ನಡಕ ಎಲ್ಲೋ ಹಾರಿತ್ತು. ಟೇಪಣ್ಣ ಮೊಣಕಾಲಲ್ಲಿ ತೆವಳಿ ಹೋಗಿ ಫೋನು ಹಿಡಿದ. ಕಣ್ಣಿಗೆ ಹತ್ತು ಮಸುಕು ಚೌಕಗಳು ಕಂಡವು. ಮೊದಲನೆಯದು ಬೀಳುವ ಮುಂಚಿನದೇ ಇರಬೇಕು, ಅಷ್ಟಾದರೂ ಉಳಿಯಿತಲ್ಲ ಎಂದು ಅದನ್ನೇ ಒತ್ತಿ ಕಳಿಸಿದ. ಆದರೆ ಆ ಫೋನಿನಲ್ಲಿ ಕೊನೆಗೆ ತೆಗೆದದ್ದು ಮೊದಲು ಕೂರುತ್ತದೆ! ಕನ್ನಡಕ ಸಿಕ್ಕಿ ನೋಡಿದರೆ, ದೇವರೇ! ತಲೆಯ ಮೇಲೆ ಸ್ವೆಟರು, ಹಣೆಯ ಮೇಲೆ ಚಹಾ, ವಾರದ ಗಡ್ಡ, ಬಿಟ್ಟ ಬಾಯಿ, ಹಿಂದೆ ಯುದ್ಧ ಮುಗಿದ ರಣರಂಗದಂಥ ಮನೆ. ಅಳಿಸಲು ಬೆರಳು ಇಡುವಷ್ಟರಲ್ಲಿ ಪಕ್ಕದ ಎರಡು ಗೆರೆ ನೀಲಿಯಾದವು. ಅವಳು ನೋಡಿಬಿಟ್ಟಿದ್ದಳು.

ಉತ್ತರ ಬರಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ಹನ್ನೊಂದಕ್ಕೆ ಬಂದವರು ಬ್ಯಾಂಡ್ ಮೇಷ್ಟ್ರು, ಅಳತೆ ನೋಡಲು. ಅಷ್ಟರಲ್ಲಿ ಟೇಪಣ್ಣ ದೊಡ್ಡ ಪಾತ್ರೆಯಲ್ಲಿ ಚಹಾ ಕಾಯಿಸಿ ಮೂರೂವರೆ ಮೀಟರನ್ನೂ ಅದರಲ್ಲಿ ಅದ್ದಿ, ಕಲೆ ಇದ್ದ ಕಡೆ ಇಲ್ಲದ ಕಡೆ ಎಲ್ಲ ಒಂದೇ ಬಣ್ಣ ಮಾಡಿ ಒಣಗಿ ಹಾಕಿದ್ದ.

"ನಾನು ಕೊಟ್ಟಿದ್ದು ಬಿಳೀದಲ್ವಾ?"

"ಮೇಷ್ಟ್ರೇ, ಬರೀ ಬಿಳಿ ಬಿಸಿಲಲ್ಲಿ ಸುಟ್ಟು ಹೋದ ಹಾಗೆ ಕಾಣುತ್ತೆ. ಫೋಟೋದಲ್ಲಿ ಮಡಿಕೆ, ಹೊಲಿಗೆ ಏನೂ ಬೀಳಲ್ಲ. ಇದು ಹಿತವಾಗಿ ಬೀಳುತ್ತೆ!"

ಮೇಷ್ಟ್ರು ಬಟ್ಟೆಯನ್ನು ಮೂಗಿನ ಹತ್ತಿರ ತಂದು, "ಪರಿಮಳಾನೂ ಇದೆ" ಎಂದು ಒಪ್ಪಿಕೊಂಡು ಹೋದರು. ಬೇರೆ ದಿನವಾಗಿದ್ದರೆ ಟೇಪಣ್ಣ ಈ ಗೆಲುವಿಗೆ ಕುಣಿಯುತ್ತಿದ್ದ. ಅಂದು ಫೋನು ನೋಡುತ್ತ ಕುಳಿತ. ಹನ್ನೊಂದು ವಾರ ಕಟ್ಟಿದ ಸುಳ್ಳಿನ ಕೋಟೆ ಒಂದು ಸ್ಟೂಲಿನಿಂದ ಉರುಳಿತ್ತು. ಅವಳಿಗೆ ಕೋಪ ಬಂದಿರಬೇಕು. ನಗು ಬಂದಿದ್ದರೆ ಇಷ್ಟು ಹೊತ್ತಿಗೆ ಫೋನು ಬರುತ್ತಿತ್ತು.

ಫೋನು ಬಂದದ್ದು ಸಂಜೆ.

"ಪೆಟ್ಟಾಯ್ತಾ?"

"ಇಲ್ಲ ಕಣೇ."

"ನಿಜ ಹೇಳಿ."

"ಸೊಂಟ ಸ್ವಲ್ಪ... ಅದೇನಿಲ್ಲ ಬಿಡು. ಬೆಳಗ್ಗಿಂದ ಯಾಕೆ ಮಾತಾಡ್ಲಿಲ್ಲ?"

"ಅಳ್ತಾ ಇದ್ದೆ" ಎಂದಳು ಅವಳು.

ಟೇಪಣ್ಣ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದ.

"ಮೂವತ್ತಾರು ಫೋಟೋ ಕಳ್ಸಿದ್ರಿ. ಕುರ್ಚಿ, ಲೋಟ, ಕೊಡೆ. ಒಂದ್ರಲ್ಲಾದ್ರೂ ನೀವಿದ್ದೀರಾ? ದಿನಾ ದೊಡ್ಡದು ಮಾಡ್ಕೊಂಡು ಮೂಲೆ ಮೂಲೆ ಹುಡುಕ್ತಿದ್ದೆ. ಮೊದ್ಲಿನ ಮೂರರಲ್ಲಿ ನಿಮ್ಮ ಹೆಬ್ಬೆರಳಾದ್ರೂ ಇತ್ತು. ಉಗುರು ಕತ್ತರಿಸಿಲ್ಲ, ಆದ್ರೂ ಕೈ ಚೆನ್ನಾಗಿದೆ ಅಂತ ಸಮಾಧಾನ ಆಗ್ತಿತ್ತು. ಆಮೇಲೆ ಅದೂ ಹೋಯ್ತು."

"ಅದು... ಗುರುಗಳು ಬೇಡ ಅಂದ್ರು."

"ನನ್ನ ಬುಟ್ಟಿ, ನನ್ನ ಡಬ್ಬಿ, ನನ್ನ ಸ್ವೆಟರು, ಅದನ್ನೂ ಗುರುಗಳೇ ಬೇಡ ಅಂದ್ರಾ? ದಿನಾ ಒಂದೊಂದು ಸಾಮಾನು ಕಾಣೆಯಾಗ್ತಾ ಬಂತು. ಮನೆ ದಿನಾ ಇನ್ನೂ ಚೆಂದ ಆಗ್ತಾ ಬಂತು. ನಾನಿಲ್ದೆ ಇಷ್ಟು ಅಚ್ಚುಕಟ್ಟಾಗಿದೆ, ಇನ್ನು ನಾನು ಹೋಗಿ ಮಾಡೋದೇನು ಅಂದ್ಕೊಂಡೆ. ಇವತ್ತು ನಿಮ್ಮ ಮುಖ ನೋಡಿದೆ. ಎಷ್ಟು ಸೊರಗಿದ್ದೀರಿ ರೀ!"

ಟೇಪಣ್ಣ ಗೋಡೆಗೆ ಒರಗಿ ನೆಲದ ಮೇಲೆಯೇ ಕುಳಿತ. ಅವಳನ್ನು ಕರೆಸಲೆಂದು ಅವಳ ಒಂದೊಂದೇ ಗುರುತನ್ನು ಮನೆಯಿಂದ ಅಳಿಸುತ್ತ ಬಂದಿದ್ದ! ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ. ಕಾಲ ಬಳಿ ಉರುಳಿಬಂದಿದ್ದ ಗುಂಡಿಯೊಂದನ್ನು ಎತ್ತಿಕೊಂಡು ಹಿಡಿದ.

"ಅತ್ತಿಗೆ ಕಾಲು ಹೇಗಿದೆ?" ಎಂದ, ಬೇರೇನು ಕೇಳಬೇಕೋ ತಿಳಿಯದೆ.

"ಅವಳು ನಡಿಯೋಕೆ ಶುರು ಮಾಡಿ ಮೂರು ವಾರ ಆಯ್ತು. ಅಂಗಡಿಗೂ ಒಬ್ಳೇ ಹೋಗಿ ಬರ್ತಾಳೆ."

"ಮೂರು ವಾರ! ಮತ್ತೆ ನೀನ್ಯಾಕೆ ಬರ್ಲಿಲ್ಲ?"

"ಕರೆದ್ರೆ ತಾನೇ ಬರೋದು! ಎಷ್ಟು ದಿನ ಬೇಕಾದ್ರೂ ಇರು ಅಂದೋರು ನೀವು. ಒಂದು ಸಲ, ಒಂದೇ ಒಂದು ಸಲ ಬಾ ಅಂದ್ರಾ?"

ಟೇಪಣ್ಣ ಗಂಟಲು ಸರಿಮಾಡಿಕೊಂಡ. ಮೀಸೆ ಅಡ್ಡ ಬಂತು. ಅದನ್ನು ಪಕ್ಕಕ್ಕೆ ತಳ್ಳಿದ.

"ಬಂದ್ಬಿಡೇ" ಎಂದ. "ನಂಗಾಗಲ್ಲ ಕಣೇ. ನೀನಿಲ್ದೆ ಒಂದೂ ನಡೀತಿಲ್ಲ. ಊಟ ಕೂಡ ಗಂಟಲಲ್ಲಿ ಇಳಿಯಲ್ಲ. ನಾಳೇನೇ ಬಾ."

"ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ."

"ಬಾ ಅಂದೆ!"

ಅತ್ತಲಿಂದ ಇನ್ನೊಂದು ದನಿ ಗುಡುಗಿತು. ಅತ್ತಿಗೆಯದು! "ಅಂತೂ ಅಂದ್ರಾ ಮಹಾರಾಯರು! ಮೂರು ವಾರದಿಂದ ದಿನಾ ಬೆಳಗ್ಗೆ ಚೀಲ ತುಂಬ್ತಾಳೆ, ರಾತ್ರಿ ನಿಮ್ಮ ಫೋನ್ ಬಂದ್ಮೇಲೆ ಬಿಚ್ತಾಳೆ. ನನ್ನ ಕಾಲು ಕೂಡ್ಕೊಂಡ್ತು, ಅವಳ ಚೀಲದ ಜಿಪ್ಪು ಕಿತ್ಕೊಂಡ್ತು! ಬೇಗ ಕರೆಸ್ಕೊಳ್ರಪ್ಪಾ!"

ಮರುದಿನ ಮಧ್ಯಾಹ್ನದ ಬಸ್ಸಿಗೆ ಅವಳು ಬಂದಳು. ಮನೆಯೊಳಗೆ ಕಾಲಿಟ್ಟು ಎಲ್ಲವನ್ನೂ ಒಂದು ಸಲ ನೋಡಿದಳು. ಬೈಯಲಿಲ್ಲ. "ಗುಂಡಿ ಮೇಲೆ ಜಾರೀರಿ, ನೋಡ್ಕೊಂಡು ನಡೀರಿ" ಎಂದಷ್ಟೇ ಹೇಳಿ ಕಸಪೊರಕೆ ಹಿಡಿದಳು.

ಸಂಜೆ ಸ್ಟುಡಿಯೋ ಯಜಮಾನರು ಕುತೂಹಲ ತಡೆಯಲಾರದೆ ಅಂಗಡಿಗೇ ಬಂದರು.

"ಎಲ್ಲಿ, ತೋರ್ಸು! ಹೆಂಡ್ತಿ ಬಸ್ಸಿಂದ ಇಳಿಯೋ ಫೋಟೋ ತೆಗೆದಿರ್ತೀಯಲ್ಲ! ನನ್ನ ಗಾಜಿನ ಪೆಟ್ಟಿಗೇಲಿ ಹಾಕೋಣ. ಬೆಳಕು ಹೇಗಿತ್ತು?"

"ಬೆಳಕಾ? ಬೆಳಕು ಒಂದನೇ ದರ್ಜೆ ಗುರುಗಳೇ. ಬಿಸಿಲು ಸರಿಯಾಗಿ ನನ್ನ ಬೆನ್ನ ಹಿಂದೆ, ನೆಟ್ಟಗೆ ಅವಳ ಮುಖದ ಮೇಲೆ. ನಗ್ತಾ ಇಳಿದ್ಳು."

"ಆಹಾ! ಮತ್ತೆ ಫೋಟೋ?"

"ತೆಗೀಲಿಲ್ಲ. ಕೈ ಖಾಲಿ ಇರ್ಲಿಲ್ಲ. ಚೀಲದ ಜಿಪ್ಪು ಹೋಗಿತ್ತು, ಎರಡೂ ಕೈಲಿ ಅಪ್ಕೊಂಡಿದ್ದೆ."

ಒಳಗಿನಿಂದ ಹೆಂಡತಿಯ ದನಿ ಬಂತು: "ಅಷ್ಟೇ ಅಲ್ಲ ಯಜಮಾನರೇ! ಕಣ್ಣು ಒರೆಸ್ಕೊಳ್ಳೋಕೆ ಕೈ ಇಲ್ದೆ, ಅಷ್ಟು ಜನರ ಮುಂದೆ ನನ್ನ ಭುಜಕ್ಕೇ ಒರೆಸಿದ್ರು. ಮೂಗೂ ಸೇರಿಸಿ!"

ಟೇಪಣ್ಣ ಕಿವಿಯವರೆಗೂ ಕೆಂಪಾದ. "ಅದು ಹಾಗಲ್ಲ ಗುರುಗಳೇ! ಬಿಸಿಲು ನೇರವಾಗಿ ಕಣ್ಣಿಗೆ ಹೊಡೀತಿತ್ತು, ಅದಕ್ಕೆ ನೀರು ಬಂತು."

ಯಜಮಾನರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು.

"ಬಿಸಿಲು ಬೆನ್ನ ಹಿಂದೆ ಇತ್ತು ಅಂತ ಈಗ ತಾನೇ ಅಂದ್ಯಲ್ಲಯ್ಯಾ!"